ಎರಡು ಬಾವಿಗಳ ನಡುವೆ

ವಿದ್ಯಾನಗರದ ನಮ್ಮ ಮನೆಯ ಬಚ್ಚಲು ಹಿತ್ತಿಲಲ್ಲಿದೆ. ಜಡಿಮಳೆಯಲ್ಲಿ ನಾಲ್ಕು ಮೆಟ್ಟಿಲು ಇಳಿದೇ ಅಲ್ಲಿಗೆ ಹೋಗಬೇಕು. ಅಮ್ಮನ ಮೊಣಕಾಲು ಇನ್ನು ಅದಕ್ಕೆ ಒಪ್ಪುವುದಿಲ್ಲ. ಚಾವಡಿಗೆ ತಾಗಿ ಒಂದು ಕೋಣೆ, ಅದರೊಳಗೇ ಬಚ್ಚಲು ಮತ್ತು ಕಕ್ಕಸು ಕಟ್ಟಿಸಬೇಕೆಂದು ಹೊರಟೆ.

1984ರಲ್ಲಿ ಕಾಸರಗೋಡು ಜಿಲ್ಲೆಯಾಗಿ, ಕಲೆಕ್ಟರೇಟು ಇಲ್ಲಿಗೆ ಬಂದ ಮೇಲೆ ಈ ಕೆಂಪುಕಲ್ಲಿನ ಗುಡ್ಡೆಯಲ್ಲಿ ಮನೆಗಳು ಒತ್ತೊತ್ತಾಗಿ ಎದ್ದವು. ನಮ್ಮದು ಹತ್ತು ಸೆಂಟ್ಸ್. ಆಧಾರ, ತೀರ್ವೆ ರಶೀದಿ, ವಿಲ್ಲೇಜ್ ಆಫೀಸಿನ ಪೊಸೆಷನ್ ಸರ್ಟಿಫಿಕೇಟು ಒಂದೊಂದಾಗಿ ಸಿದ್ಧವಾದವು. ದಾಖಲೆಯಲ್ಲಿ ‘ಪುರಯಿಡಂ’, ಅಂದರೆ ಮನೆ ಕಟ್ಟಬಹುದಾದ ಹಿತ್ತಿಲು ಜಾಗ, ಎಂದೇ ಇತ್ತು. ‘ನಿಲಂ’ ಎಂದಿದ್ದರೆ, ಅಂದರೆ ಗದ್ದೆ ಎಂದಿದ್ದರೆ, 2008ರ ಗದ್ದೆ ಸಂರಕ್ಷಣಾ ಕಾಯ್ದೆಯ ದಾರಿ ಹಿಡಿಯಬೇಕಿತ್ತು. ಆ ದಾರಿ ಉದ್ದ.

ಕೇರಳದಲ್ಲಿ ಈಗ 300 ಚದರ ಮೀಟರಿನೊಳಗಿನ, ಎರಡು ಅಂತಸ್ತು ಮೀರದ ವಾಸದ ಮನೆಗೆ, ನಿಯಮದಂತೆಯೇ ಕಟ್ಟುತ್ತೇವೆಂದು ಯಜಮಾನರೂ ನಕ್ಷೆ ಮಾಡಿದವರೂ ಬರೆದುಕೊಟ್ಟರೆ ಪರ್ಮಿಟ್ ಸಿಗುತ್ತದೆ. 2024ರ ಜನವರಿಯಿಂದ ನಗರಸಭೆಗಳಲ್ಲಿ ಅರ್ಜಿಯೂ ಕೆ-ಸ್ಮಾರ್ಟ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲೇ. ಮೊದಲೇ ಬಂದು ಅಳೆಯುವವರಿಲ್ಲ. ಇದು ನನಗೆ ದೊಡ್ಡ ಗೌರವವಾಗಿ ಕಂಡಿತು. ಸರಕಾರ ನಮ್ಮ ಮಾತನ್ನು ನಂಬಿದೆ.

ತೊಡಕು ಬಂದದ್ದು ಗುಂಡಿಯಲ್ಲಿ. 2019ರ ಕಟ್ಟಡ ನಿಯಮದಂತೆ ಕುಡಿಯುವ ನೀರಿನ ಬಾವಿಯಿಂದ ಏಳೂವರೆ ಮೀಟರಿನೊಳಗೆ ಕಕ್ಕಸಿನ ಗುಂಡಿ ತೋಡಬಾರದು, ಗಡಿಯಿಂದಲೂ 1.2 ಮೀಟರು ಬಿಡಬೇಕು. ನಮ್ಮ ಬಾವಿಯಿಂದ ಸಾಕಷ್ಟು ದೂರವಿತ್ತು. ಆದರೆ ಆವರಣ ಗೋಡೆಯಾಚೆ ನೆರೆಮನೆಯ ಟೀಚರ ಬಾವಿಯಿದೆ. ಅಲ್ಲಿಗೆ ಟೇಪು ಹಿಡಿದರೆ ಆರು ಮೀಟರು ಇಪ್ಪತ್ತು.

“ನಕ್ಷೆಯಲ್ಲಿ ಆಚೆ ತೋರಿಸಿದರಾಯಿತು, ಯಾರೂ ನೋಡುವುದಿಲ್ಲ” ಎಂದರು ನಕ್ಷೆಯವರು.

ಅಮ್ಮ ಜಗಲಿಯಿಂದಲೇ ಕೇಳಿದಳು: “ಟೀಚರು ಆ ನೀರನ್ನೇ ಅಲ್ಲವಾ ಕುಡಿಯುವುದು?”

ಕೆಂಪುಕಲ್ಲಿನ ಗುಣ ಬಲ್ಲವರು ಹೀಗೆ ಕೇಳಿಯೇ ಕೇಳುತ್ತಾರೆ. ಅದರ ಮೈಯೆಲ್ಲ ತೂತು. ಜೂನಿನಲ್ಲಿ ಮಳೆ ಹಿಡಿಯಿತೆಂದರೆ ವಾರದೊಳಗೆ ನಮ್ಮ ಬಾವಿ ಏರುತ್ತದೆ. ಮೇಲಿನಿಂದ ಅಷ್ಟು ಬೇಗ ಇಳಿಯುವ ನೀರಿಗೆ ಗುಂಡಿಯಿಂದ ಬಾವಿಗೆ ಹಾಯಲು ಯಾವ ಆವರಣ ಗೋಡೆ ಅಡ್ಡ ಬಂದೀತು?

ರಾತ್ರಿ ನಕ್ಷೆ ಹರಡಿ ಕೈವಾರ ಹಿಡಿದು ಎರಡು ಬಾವಿಗಳ ಸುತ್ತ ಎರಡು ವೃತ್ತ ಎಳೆದೆ. ಏಳೂವರೆ ಮೀಟರಿನ ಒಂದು ವೃತ್ತವೆಂದರೆ ಸುಮಾರು 177 ಚದರ ಮೀಟರು, ನಾಲ್ಕು ಸೆಂಟ್ಸಿಗಿಂತ ಹೆಚ್ಚು. ಮನೆ, ವೃತ್ತಗಳು, ಗಡಿಯ ಪಟ್ಟಿ ಎಲ್ಲ ಕಳೆದು ಉಳಿದದ್ದು ಪಡುಮೂಲೆಯ ಒಂದು ತುಂಡು. ಅಲ್ಲಿ ಅಪ್ಪ ನೆಟ್ಟ ಕರಿಬೇವಿನ ಮರವಿತ್ತು. ಕೋಣೆಯನ್ನೂ ಆ ಕಡೆಗೇ ಸರಿಸಿದೆವು. ಮರ ಹೋಯಿತು. ಈಗಲೂ ಒಗ್ಗರಣೆಯ ಹೊತ್ತಿಗೆ ಅಮ್ಮ ಆ ಕಡೆ ತಿರುಗುತ್ತಾಳೆ.

ಜಾಗ ಅಮ್ಮನ ಹೆಸರಿನಲ್ಲಿದೆ, ರುಜು ಅವಳದ್ದೇ ಆಗಬೇಕು. ಬರೆದು ತಂದ ಹೇಳಿಕೆ ಮಲಯಾಳದಲ್ಲಿತ್ತು. ಅವಳು ಓದುವುದು ಕನ್ನಡ. ಕೇರಳದ 1969ರ ಭಾಷಾ ಕಾಯ್ದೆಯೇ ಕನ್ನಡ ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸಲು ಅವಕಾಶ ಕೊಟ್ಟಿದೆ. ಮಾತಿನ ಮೇಲೆ ನಂಬಿಕೆಯಿಡುವ ಪರ್ಮಿಟ್ಟಿಗೆ ಅದು ಇನ್ನೂ ಹೆಚ್ಚು ಬೇಕು. ಓದಲಾಗದ ಮಾತನ್ನು ತನ್ನದೆಂದು ಒಪ್ಪುವುದು ಹೇಗೆ? ಸಾಲುಸಾಲಾಗಿ ಕನ್ನಡದಲ್ಲಿ ಹೇಳಿದೆ. ಬಾವಿಯ ಸಾಲನ್ನು ಎರಡು ಸಲ ಹೇಳಿಸಿಕೊಂಡು, ಕನ್ನಡದಲ್ಲೇ ರುಜು ಹಾಕಿದಳು.

ಗುಂಡಿ ತೋಡುವ ಬೆಳಿಗ್ಗೆ, “ಮೊದಲು ಟೀಚರಿಗೆ ಹೇಳಿ ಬಾ” ಎಂದು ನನ್ನನ್ನು ಕಳಿಸಿದಳು. ಟೀಚರು ತಾವೇ ಬಂದು ಗುಂಡಿಯ ಗುರುತಿನ ಬಳಿ ಬಗ್ಗಿದರು. ಟೇಪಿನ ಇನ್ನೊಂದು ತುದಿ ಅವರ ಬಾವಿಕಟ್ಟೆಯ ಬಳಿ ನನ್ನ ಕೈಯಲ್ಲಿತ್ತು. ಅಳತೆಯನ್ನು ಅವರು ಮಲಯಾಳದಲ್ಲಿ ಕೂಗಿ ಹೇಳಿದರು. ಅಮ್ಮ ಜಗಲಿಯಿಂದ ಅದನ್ನೇ ಕನ್ನಡದಲ್ಲಿ ತಿರುಗಿ ಕೇಳಿದಳು: “ಎಂಟು ಮೀಟರು ಹತ್ತು, ಅಲ್ಲವಾ ಟೀಚರೇ?”