ಬಂಜೆ ಅಂದವರು ನಾವು

ಅತ್ತಿಗೆಯನ್ನು ಆರು ವರ್ಷ ಬಂಜೆ ಅಂದೆವು. ಹರಕೆ ಹೊರಿಸಿದೆವು, ತಾಯತ ಕಟ್ಟಿಸಿದೆವು. ಅಣ್ಣನನ್ನು ಯಾರೂ ಕೇಳಲಿಲ್ಲ. ಡಿಗ್ರಿ ಓದಿದ ನಾವೂ ಬಾಯಿ ಬಿಡಲಿಲ್ಲ. ಡಾಕ್ಟರಮ್ಮ ಮೊದಲು ಬರೆದದ್ದೇ ಗಂಡನ ವೀರ್ಯ ಪರೀಕ್ಷೆ. "ನಾನೇನ್ ಗಂಡ್ಸಲ್ವಾ?" ಅಂತ ಅಣ್ಣ ಎದ್ದು ಬಂದ. ಮಕ್ಕಳಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ದೋಷವೂ ಇರುತ್ತದೆಂದು ಯಾವ ದೇವರಗುಡ್ಡನೂ ಹೇಳಿರಲಿಲ್ಲ.

ಅಂಡ ಬಲಿಯದಿದ್ದರೆ ಮಾತ್ರೆಯುಂಟು. ವೀರ್ಯಾಣು ಕೊಂಚ ಕಡಿಮೆಯಿದ್ದರೆ ಶುದ್ಧಮಾಡಿ ಗರ್ಭಕೋಶಕ್ಕೇ ಬಿಡುತ್ತಾರೆ. ಕ್ಷಯ ತಗುಲಿ ನಾಳ ಮುಚ್ಚಿದ್ದರೆ ಪ್ರನಾಳ ಶಿಶುವಿನ ದಾರಿ. ಕಲ್ಕತ್ತೆಯಲ್ಲಿ 1978ರಲ್ಲೇ ಅಂಥ ಮಗು ಹುಟ್ಟಿತು. ನಮ್ಮ ಕೇರಿಗೆ ಆ ದಾರಿ ಇನ್ನೂ ಬಂದಿಲ್ಲ. ಖಾಸಗಿಯಲ್ಲಿ ಒಂದು ಸಲಕ್ಕೇ ಲಕ್ಷ ದಾಟುತ್ತದೆ. ಕೂಲಿ ಕೈಗೆ ಎಲ್ಲಿಂದ ಬಂದೀತು? ಸರ್ಕಾರಿ ಆಸ್ಪತ್ರೆಯಲ್ಲೇ ಸಿಗಲೆಂದು ಕೇಳುತ್ತೇವೆ.

ಅದಕ್ಕೂ ಮೊದಲು, ನಾಳೆ ಬೆಳಿಗ್ಗೆ ಅಣ್ಣನನ್ನು ಕರೆದೊಯ್ಯುತ್ತೇವೆ. ಅತ್ತಿಗೆಯ ಕಾಲು ಹಿಡಿಯುವುದು ಬಾಕಿಯಿದೆ.