ಕಡಲಾಚೆಯಿಂದ ಘಟ್ಟದ ಮೇಲಕ್ಕೆ

ಪ್ರವಾಸಕ್ಕೆ ಹೊರಡುವ ಸಂಭ್ರಮವನ್ನು ಬಣ್ಣಿಸಿದವರು ಹಲವರು. ಮನೆಗೆ ಮರಳುವ ದಾರಿಯನ್ನು ಬಣ್ಣಿಸಿದವರು ವಿರಳ. ನಮ್ಮ ಹಿರಿಯರು ಕಾಶಿ, ಶ್ರೀಶೈಲಗಳಿಂದ ಹಿಂದಿರುಗಿದಾಗ ಬಂಧುಬಳಗವೆಲ್ಲ ಊರ ಮುಂದೆ ಬಂದು ಎದುರುಗೊಳ್ಳುತ್ತಿತ್ತು. ಹೋದವರು ಹೋದಂತೆಯೇ ಮರಳಿದರೇ, ಬೇರೆಯಾಗಿ ಮರಳಿದರೇ ಎಂಬ ಕುತೂಹಲ ಅದರ ಹಿಂದಿತ್ತು.

ದುಬೈಯಲ್ಲಿ ನೆಲೆಸಿರುವ ಮಗಳ ಮನೆಯಲ್ಲಿ ಬೇಸಿಗೆ ರಜೆಯ ಹದಿನೈದು ದಿನಗಳನ್ನು ಕಳೆದು ನಾವು ಸಕುಟುಂಬವಾಗಿ ದಾವಣಗೆರೆಗೆ ಮರಳಬೇಕಾಗಿತ್ತು. ಅಲ್ಲಿಯೇ ಬಂದು ನೆಲೆಸುವಂತೆ ಅಳಿಯಂದಿರು ನಮ್ಮ ಮಗನನ್ನು ಒತ್ತಾಯಿಸಿದ್ದರು. ಊರು ಮುಟ್ಟಿದ ಮೇಲೆ ಉತ್ತರ ತಿಳಿಸುವುದಾಗಿ ಅವನು ಹೇಳಿದ್ದನು. ಹಿರಿಯ ಮೊಮ್ಮಗನ ಪ್ರಶ್ನೆ ಇನ್ನೂ ನೇರವಾಗಿತ್ತು: "ಅಜ್ಜಾ, ನಮ್ಮ ಕಡೆ ಅಂಥದ್ದು ಏನಿದೆ?" 828 ಮೀಟರ್ ಎತ್ತರದ ಬುರ್ಜ್ ಖಲೀಫಾ ಕಂಡುಬಂದ ಬಾಲಕನಿಗೆ ಮಾತಿನಲ್ಲಿ ಉತ್ತರಿಸುವುದು ಸುಲಭವಲ್ಲ. ಆದುದರಿಂದ ಮಂಗಳೂರಿನಲ್ಲಿ ಇಳಿದು, ಎರಡು ದಿನ ನಿಧಾನವಾಗಿ ಘಟ್ಟ ಹತ್ತುವುದೆಂದು ನಿಶ್ಚಯಿಸಿದೆವು.

ಬಜ್ಪೆಯ ವಿಮಾನ ನಿಲ್ದಾಣ ಗುಡ್ಡದ ನೆತ್ತಿಯ ಮೇಲಿದೆ. 2010ರ ಮೇ 22ರ ಮುಂಜಾನೆ ದುಬೈಯಿಂದಲೇ ಬಂದ ವಿಮಾನವೊಂದು ಇಲ್ಲಿ ಓಡುದಾರಿಯನ್ನು ಮೀರಿ ಕಮರಿಗೆ ಉರುಳಿತು. ಅದರಲ್ಲಿದ್ದ 166 ಜನರಲ್ಲಿ ಉಳಿದವರು ಎಂಟೇ ಮಂದಿ. ಮನೆಯವರಿಗಾಗಿ ಉಡುಗೊರೆಗಳನ್ನು ಕಟ್ಟಿಕೊಂಡು ಹೊರಟಿದ್ದ ಎಷ್ಟೋ ಜನರು ಊರಿನ ನೆಲವನ್ನು ಮುಟ್ಟಿಯೂ ಮನೆಯನ್ನು ಸೇರಲಿಲ್ಲ. ಅವರ ನೆನಪಿನ ಸ್ಮಾರಕವಿರುವ ಕೂಳೂರಿನ ಮಾರ್ಗವಾಗಿ ಸಾಗುವಾಗ ಗಾಡಿಯಲ್ಲಿ ಯಾರೂ ಮಾತನಾಡಲಿಲ್ಲ. ಕ್ಷೇಮವಾಗಿ ಮನೆ ಸೇರುವುದೆಂಬ ನಿತ್ಯದ ಸಂಗತಿ ಎಂತಹ ಅನುಗ್ರಹವೆಂಬುದು ಆಗ ಎಲ್ಲರಿಗೂ ತಿಳಿದಂತಿತ್ತು.

ಕಾಪುವಿನ ಕಡಲತೀರದಲ್ಲಿ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವಿದೆ. ಶತಮಾನ ದಾಟಿದ ಈ ದೀಪ ಹೋಗುವವರನ್ನು ತಡೆಯುವುದಿಲ್ಲ, ಬರುವವರನ್ನು ಕರೆಯುವುದೂ ಇಲ್ಲ. ದಡ ಎಲ್ಲಿದೆಯೆಂದು ತೋರಿಸುತ್ತದೆ, ಅಷ್ಟೆ. ತಂದೆತಾಯಿಗಳ ಕರ್ತವ್ಯವೂ ಇಷ್ಟೇ ಅಲ್ಲವೇ ಎಂದು ನಮ್ಮ ಮನೆಯವರು ಮೆಲ್ಲನೆ ಅಂದರು.

ಉಡುಪಿಯ ಶ್ರೀಕೃಷ್ಣನೂ ಕಡಲಿನಿಂದಲೇ ಬಂದವನು. ಮಲ್ಪೆಯ ಬಳಿ ಬಿರುಗಾಳಿಗೆ ಸಿಲುಕಿದ ಹಡಗಿಗೆ ಮಧ್ವಾಚಾರ್ಯರು ವಸ್ತ್ರ ಬೀಸಿ ದಾರಿ ತೋರಿದರೆಂದೂ, ಪಾರಾದ ನಾವಿಕನು ಕೊಟ್ಟ ಗೋಪೀಚಂದನದ ಹೆಂಟೆಯಲ್ಲಿ ಈ ಮೂರ್ತಿ ದೊರೆಯಿತೆಂದೂ ಐತಿಹ್ಯವಿದೆ. ಕನಕನ ಕಿಂಡಿಯ ಮುಂದೆ ನಿಂತು, ದಾಸರ ಕಥೆಯನ್ನು ಮೊಮ್ಮಕ್ಕಳಿಗೆ ಹೇಳಿದೆವು. ಮಧ್ಯಾಹ್ನ ಮಠದ ಪಂಕ್ತಿಯಲ್ಲಿ ಕುಳಿತು ಉಂಡಾಗ, ದುಬೈಯ ಭೋಜನಶಾಲೆಗಳಲ್ಲಿ ಬೆಲೆ ನೋಡಿ ತಿನಿಸು ಆರಿಸುತ್ತಿದ್ದ ಬಾಲಕನು, "ಇಲ್ಲಿ ದುಡ್ಡು ಯಾರು ಕೊಡುತ್ತಾರೆ?" ಎಂದು ಕೇಳಿದನು. ದಾಸೋಹದ ಅರ್ಥವನ್ನು ವಿವರಿಸಲು ಅದಕ್ಕಿಂತ ಒಳ್ಳೆಯ ಸಂದರ್ಭ ದೊರೆಯಲಾರದು.

ಆ ರಾತ್ರಿ ಉಡುಪಿಯಲ್ಲಿ ತಂಗಿ, ಮರುದಿನ ಮಣಿಪಾಲಕ್ಕೆ ಹೋದೆವು. ಒಂದು ಕಾಲಕ್ಕೆ ಬೋಳುಗುಡ್ಡವಾಗಿದ್ದ ಈ ಸ್ಥಳದಲ್ಲಿ ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. ಅದಕ್ಕೂ ಮೊದಲು, 1925ರಲ್ಲಿ, ಉಡುಪಿಯಲ್ಲಿ ಸಂಗಡಿಗರೊಡನೆ ಅವರು ಕಟ್ಟಿದ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾಗಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿನಲ್ಲೇ ಸಂಗ್ರಹಿಸುವ ಪಿಗ್ಮಿ ಠೇವಣಿ 1928ರಲ್ಲಿ ಆರಂಭವಾಯಿತು. ಇದ್ದ ಊರಿನಲ್ಲೇ, ಬಡವರ ಎರಡಾಣೆಯನ್ನು ನಂಬಿ, ಇಷ್ಟನ್ನು ಕಟ್ಟಬಹುದೆಂಬುದನ್ನು ಮಗನು ಮೌನವಾಗಿ ಆಲಿಸಿದನು.

ಅಲ್ಲಿಯ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಮತ್ತೊಂದು ಬಗೆಯ ಉತ್ತರವಿತ್ತು. ವಿಜಯನಾಥ ಶೆಣೈಯವರು ಅಳಿಯುತ್ತಿದ್ದ ಹಳೆಯ ಮನೆಗಳನ್ನು ಕಂಬ, ತೊಲೆ, ಬಾಗಿಲುಗಳಾಗಿ ಬಿಚ್ಚಿ ತಂದು ಇಲ್ಲಿ ಮರಳಿ ಜೋಡಿಸಿದರು. ಕುಕನೂರಿನ ಕಮಲ ಮಹಲು, ಮಿಯಾರಿನ ಮನೆ, ಭಟ್ಕಳದ ನವಾಯತರ ಮನೆಗಳ ನಡುವೆ ವೀರಶೈವ ಜಂಗಮ ಮಠವೊಂದೂ ಇದೆ. ಕಂಬದ ಕೆತ್ತನೆ ಒಂದಿಷ್ಟೂ ಕೆಟ್ಟಿಲ್ಲ. ಆದರೆ ಒಲೆಯಲ್ಲಿ ಹೊಗೆಯಿಲ್ಲ, ಹೊಸಿಲಲ್ಲಿ ಹೆಜ್ಜೆಯಿಲ್ಲ. ಮನೆಯನ್ನು ಬಿಚ್ಚಿ ಒಯ್ಯಬಹುದು, ಬೇರೆಡೆ ನಿಲ್ಲಿಸಲೂಬಹುದು. ಅದರಲ್ಲಿ ಸಂಜೆ ದೀಪ ಹಚ್ಚುವವರು ಬೇಕು.

ಕಾರ್ಕಳದಲ್ಲಿ, ವೀರಪಾಂಡ್ಯ ಭೈರರಸನು 1432ರಲ್ಲಿ ಪ್ರತಿಷ್ಠಾಪಿಸಿದ 42 ಅಡಿಯ ಬಾಹುಬಲಿಯನ್ನು ಕಂಡೆವು. ಎದುರಿಗೆ 1586ರ ಚತುರ್ಮುಖ ಬಸದಿ; ನಾಲ್ಕು ದಿಕ್ಕಿಗೂ ಒಂದೇ ಸಮನಾದ ನಾಲ್ಕು ಬಾಗಿಲುಗಳು. "ಇದು ಬುರ್ಜ್‌ಗಿಂತ ಬಹಳ ಚಿಕ್ಕದು" ಎಂದನು ಮೊಮ್ಮಗ. ಹೌದೆಂದೆವು. ಗೆದ್ದ ರಾಜ್ಯವನ್ನು ಅಣ್ಣನಿಗೇ ಬಿಟ್ಟುಕೊಟ್ಟು ನಿಂತವನ ಕಥೆಯನ್ನು ಕೇಳಿದ ಮೇಲೆ ಅವನು ಬಹಳ ಹೊತ್ತು ತಲೆಯೆತ್ತಿ ನೋಡುತ್ತಿದ್ದನು.

ಹೆಬ್ರಿಯನ್ನು ದಾಟಿ, ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಏರಿದಾಗ ಗಾಳಿ ತಂಪಾಯಿತು. ಮಗನ ಉತ್ತರವನ್ನು ನಾವು ಕೇಳಲಿಲ್ಲ, ಈವರೆಗೂ ಕೇಳಿಲ್ಲ. ಹೋಗುವುದೂ ಉಳಿಯುವುದೂ ಅವನ ಕಾಯಕಕ್ಕೆ ಸೇರಿದ ವಿಚಾರ.

ವಿದೇಶಕ್ಕೆ ಹೋಗಿಬರುವ ಗೃಹಸ್ಥರಲ್ಲಿ ನಮ್ಮದೊಂದು ವಿನಂತಿ. ರಜೆಯ ಕೊನೆಯ ಎರಡು ದಿನಗಳನ್ನು ಮರಳುವ ದಾರಿಗಾಗಿ ಮೀಸಲಿಡಿರಿ. ಪರದೇಶದ ಹಿರಿಮೆಯನ್ನು ಮಕ್ಕಳೆದುರು ಹಳಿಯದಿರಿ, ನಮ್ಮದನ್ನು ಉಬ್ಬಿಸಲೂ ಬೇಡಿರಿ. ಜೊತೆಗೆ ನಡೆಸಿ ತೋರಿಸಿದರೆ ಸಾಕು. ಹೋಲಿಸಿ ಅರಿಯುವ ಕೆಲಸವನ್ನು ಅವರೇ ಮಾಡಿಕೊಳ್ಳುತ್ತಾರೆ.