ಓರೆ ನೆಲದ ಬಲ

ಫ್ಲಾರಿಡಾದ ಡೇಟೋನಾ ರೇಸು ನೋಡಲು ಕೂತರೆ ನನ್ನ ಕಣ್ಣು ಕಾರುಗಳಿಗಿಂತ ಹೆಚ್ಚಾಗಿ ನೆಲದ ಮೇಲಿರುತ್ತದೆ. ನೇರ ಹಾದಿ ಮುಗಿಯುವಲ್ಲಿ ಟ್ರ್ಯಾಕಿನ ಹೊರ ಅಂಚು ಮೆಲ್ಲಗೆ ಮೇಲೇಳತೊಡಗುತ್ತದೆ; ಏಳುತ್ತ ಏಳುತ್ತ 31 ಡಿಗ್ರಿ ಓರೆಯಾಗುತ್ತದೆ. ನಡೆದು ಹತ್ತುವುದೇ ಕಷ್ಟವಾದ ಆ ಏರಿಗೆ ಕಾರುಗಳು ಗುಂಪುಗುಂಪಾಗಿ, ಗಂಟೆಗೆ 300 ಕಿಲೋಮೀಟರ್ ಆಸುಪಾಸಿನ ವೇಗದಲ್ಲಿ ನುಗ್ಗುತ್ತವೆ. ಸುಮ್ಮನೆ ಎಡಕ್ಕೆ ತಿರುಗುತ್ತಿರುವುದೂ ಒಂದು ಆಟವೇ ಎಂದು ಮೂಗು ಮುರಿಯುವವರಿಗೆ ನಾನು ಈ ಓರೆಯ ಲೆಕ್ಕ ಬಿಡಿಸಿ ತೋರಿಸುತ್ತೇನೆ.

ಸಮತಟ್ಟಾದ ತಿರುವಿನಲ್ಲಿ ಕಾರನ್ನು ಒಳಕ್ಕೆ ಹಿಡಿದಿಡುವ ಹೊಣೆಯೆಲ್ಲ ಟೈರಿನದು. ನೆಲವನ್ನೇ ಓರೆ ಮಾಡಿದಾಗ, ಅದು ಕಾರನ್ನು ಎತ್ತಿಹಿಡಿಯುವ ಬಲದಲ್ಲಿ ಒಂದು ಪಾಲು ತಿರುವಿನ ಒಳಗಡೆಗೆ ವಾಲುತ್ತದೆ. ಡೇಟೋನಾದ ತಿರುವಿನ ತ್ರಿಜ್ಯ 1,000 ಅಡಿ. ಗಂಟೆಗೆ ಸುಮಾರು 150 ಕಿಲೋಮೀಟರ್ ವೇಗದಲ್ಲಿ ಅಲ್ಲಿ ಟೈರು ಅಡ್ಡಕ್ಕೆ ಹಿಡಿಯಬೇಕಾದ್ದೇ ಇಲ್ಲ, ಇಳಿಜಾರೇ ಕಾರನ್ನು ತಿರುಗಿಸಿಬಿಡುತ್ತದೆ. ಅದಕ್ಕಿಂತ ನಿಧಾನವಾದರೆ ಕಾರು ಕೆಳಕ್ಕೆ ಜಾರಲು ನೋಡುತ್ತದೆ, ಜೋರಾದರೆ ಮೇಲಕ್ಕೆ. ಆ ಮೇಲಿನ ವೇಗಕ್ಕೆಲ್ಲ ಟೈರೇ ಗತಿ. ಆದರೆ 300ರ ವೇಗದಲ್ಲಿ ಕಾರು ತನ್ನ ತೂಕದ ಎರಡರಷ್ಟು ಬಲದಿಂದ ನೆಲವನ್ನು ಒತ್ತುತ್ತಿರುತ್ತದೆ! ಒತ್ತಿದಷ್ಟೂ ರಬ್ಬರು ಕಚ್ಚಿಕೊಳ್ಳುತ್ತದೆ. ಹೊರಕ್ಕೆ ಎಸೆಯಬೇಕಾದ ವೇಗವೇ ಕಾರನ್ನು ನೆಲಕ್ಕೆ ಅದುಮಿ ಹಿಡಿಯುತ್ತದೆ. ಜಾತ್ರೆಯ ಮರಣಬಾವಿಯಲ್ಲಿ ಬೈಕು ಗೋಡೆಗೆ ಅಂಟಿಕೊಂಡು ಸುತ್ತುವುದರ ಹಿಂದಿನ ನಿಯಮವೂ ಇದೇ. ಎಷ್ಟು ಸಲ ಲೆಕ್ಕ ಹಾಕಿದರೂ ಈ ಜಾಗಕ್ಕೆ ಬಂದಾಗ ನನಗೆ ಮೈ ಜುಮ್ಮೆನ್ನುತ್ತದೆ.

ಇಂಥ ನೆಲವನ್ನು ಕಟ್ಟಿದ ಬಗೆಯಂತೂ ಇನ್ನೂ ಸೊಗಸು. ಡೇಟೋನಾದಲ್ಲಿ ಮೊದಲು ರೇಸು ನಡೆಯುತ್ತಿದ್ದದ್ದು ಕಡಲತೀರದ ಮರಳಿನ ಮೇಲೆ. ಬಿಲ್ ಫ್ರಾನ್ಸ್ 1959ರಲ್ಲಿ ಈ ಟ್ರ್ಯಾಕನ್ನು ತೆರೆದರು. ವಿನ್ಯಾಸ ಎಂಜಿನಿಯರ್ ಚಾರ್ಲ್ಸ್ ಮನಿಪೆನ್ನಿ ಅವರದು. ಏರಿಗೆ ಬೇಕಾದ ಮಣ್ಣನ್ನು ಟ್ರ್ಯಾಕಿನ ನಡುವಿನಿಂದಲೇ ಅಗೆದರು, ಆ ಹಳ್ಳದಲ್ಲಿ ನೀರು ನಿಂತು ಲೇಕ್ ಲಾಯ್ಡ್ ಆಯಿತು. ಅಷ್ಟು ಕಡಿದಾದ ಏರಿಗೆ ಡಾಂಬರು ಹಾಕುವ ಯಂತ್ರ ಕೆಳಕ್ಕುರುಳದಂತೆ, ಮೇಲಂಚಿನಲ್ಲಿ ಬುಲ್ಡೋಜರ್ ನಿಲ್ಲಿಸಿ ಅದಕ್ಕೆ ಕಟ್ಟಿಹಾಕಿದರು. ಚಪ್ಪಟೆ ನೆಲ ಓರೆಯಾಗುತ್ತ ಹೋಗುವ ಆ ಬೆಸುಗೆಯ ಜಾಗವೇ ಎಲ್ಲಕ್ಕಿಂತ ನಾಜೂಕು. ಅಲ್ಲಿ ಓರೆ ತಟ್ಟನೆ ಏರಿದರೆ ಕಾರಿನ ಸ್ಪ್ರಿಂಗು ಬೆದರುತ್ತದೆ, ಟೈರು ಹಿಡಿತ ಬಿಡುತ್ತದೆ. ಅದಕ್ಕಾಗಿ ಮನಿಪೆನ್ನಿ ಫೋರ್ಡ್ ಕಂಪನಿಯ ಪರೀಕ್ಷಾ ಟ್ರ್ಯಾಕಿನ ಲೆಕ್ಕಪತ್ರಗಳನ್ನು ಓದಿಕೊಂಡು ಬಂದಿದ್ದರು.

ಓರೆ ಹೆಚ್ಚಿದಷ್ಟೂ ಒಳ್ಳೆಯದು ಎಂದೇನೂ ಅಲ್ಲ. 2001ರಲ್ಲಿ ಟೆಕ್ಸಸ್‌ನ 24 ಡಿಗ್ರಿ ತಿರುವುಗಳಲ್ಲಿ, ನೆಲಕ್ಕೆ ಅದುಮುವ ರೆಕ್ಕೆಗಳಿದ್ದ ಹಗುರ ಕಾರುಗಳು ಗಂಟೆಗೆ 370 ಕಿಲೋಮೀಟರ್ ದಾಟಿದವು. ಟೈರು ತಡೆದುಕೊಂಡವು, ಚಾಲಕರಿಗೆ ತಲೆ ಸುತ್ತಿತು. ಆರಂಭಕ್ಕೆ ಕೆಲವೇ ಗಂಟೆಗಳಿರುವಾಗ ರೇಸನ್ನೇ ರದ್ದು ಮಾಡಿದರು. ಅದು ಸರಿಯಾದ ತೀರ್ಮಾನ.

ನನ್ನ ಮಟ್ಟಿಗೆ ಡೇಟೋನಾಕ್ಕಿಂತಲೂ ಪ್ರೀತಿಯ ಟ್ರ್ಯಾಕು ಸೌತ್ ಕ್ಯಾರೊಲಿನಾದ ಡಾರ್ಲಿಂಗ್ಟನ್, 1950ರದು. ಜಾಗ ಮಾರಿದ ರೈತ ತನ್ನ ಮೀನಿನ ಹೊಂಡವನ್ನು ಮುಟ್ಟಕೂಡದು ಎಂದದ್ದರಿಂದ, ಕಟ್ಟಿಸಿದ ಹೆರಾಲ್ಡ್ ಬ್ರ್ಯಾಸಿಂಗ್ಟನ್ ಒಂದು ತುದಿಯನ್ನು ಕಿರಿದು ಮಾಡಬೇಕಾಯಿತು. ಇಡೀ ಟ್ರ್ಯಾಕು ಮೊಟ್ಟೆಯಾಕಾರಕ್ಕೆ ಬಂತು. ಈಗ ಒಂದು ತುದಿಯ ಓರೆ 25 ಡಿಗ್ರಿ, ಇನ್ನೊಂದರದು 23. ಒಂದು ತುದಿಗೆ ಹದ ಮಾಡಿದ ಕಾರು ಇನ್ನೊಂದು ತುದಿಯಲ್ಲಿ ಮಾತು ಕೇಳುವುದಿಲ್ಲ. ಎಲ್ಲಿ ಎಷ್ಟು ಸೋಲಬೇಕು ಎಂಬುದನ್ನು ತಂಡದವರು ಮೊದಲೇ ಆರಿಸಿಕೊಂಡು ಬಂದಿರುತ್ತಾರೆ. ಅವರು ಯಾವ ತುದಿಯನ್ನು ಬಿಟ್ಟುಕೊಟ್ಟಿದ್ದಾರೆ ಎಂದು ಮೊದಲ ಹತ್ತು ಸುತ್ತಿನೊಳಗೆ ಪತ್ತೆ ಹಚ್ಚುವುದರಲ್ಲೇ ನನ್ನ ಸುಖವಿದೆ.